ಅವಳು ಕೈ ಮುಗಿಯುತ್ತಿಲ್ಲ ಮಾರಾಯ್ರೆ!

ಮೊನ್ನೆ ಕಾರ್ಕಳದಲ್ಲೊಂದು ಮದುವೆ. ಕಾಪುವಿನಿಂದ ಅಕ್ಕ, ಭಾವ ಮಗಳನ್ನೂ ಕರ್ಕೊಂಡು ಬಂದಿದ್ದರು. ಮಗಳಿಗೆ ಈಗ ಒಂಬತ್ತು ವರ್ಷ. ಎರಡೂ ಕೈಗಳನ್ನು ಎದೆಯ ಹತ್ತಿರ ಜೋಡಿಸಿ ಹಿಂಡುತ್ತಾ, ಉಜ್ಜುತ್ತಾ ಕೂತಿದ್ದಳು. ಎಚ್ಚರ ಇರುವಷ್ಟು ಹೊತ್ತೂ ಆ ಕೈಗಳಿಗೆ ಬಿಡುವಿಲ್ಲ. ಪಕ್ಕದ ಸಾಲಿನ ಅಜ್ಜಿಯೊಬ್ಬರು ನೋಡಿ, "ಪಾಪ, ಇದಕ್ಕೆ ಏನೂ ಗೊತ್ತಾಗುದಿಲ್ಲ, ಆದ್ರೂ ದೇವರಿಗೆ ಕೈ ಮುಗೀತಾ ಉಂಟು" ಅಂದರು. ದನಿಯಲ್ಲಿ ಪ್ರೀತಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ಚಿಕ್ಕ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಊಟದ ಹೊತ್ತಿಗೆ ಇನ್ನೊಬ್ಬರಿಂದ ಮೂರನೆಯದೂ ಬಂತು: "ಇದಕ್ಕೆ ಎಂತ ಮಾಡ್ಲಿಕ್ಕೂ ಇಲ್ಲ ಅಲ್ವಾ?"

ಮದುವೆ ಮನೆ ಅಂತ ಬಾಯಿ ಮುಚ್ಚಿಕೊಂಡು ಬಂದೆ. ಇಲ್ಲಿ ಮುಚ್ಚಿಕೊಳ್ಳುವುದಿಲ್ಲ.

ಅವಳಿಗಿರುವುದು ರೆಟ್ ಸಿಂಡ್ರೋಮ್. 1954ರಲ್ಲಿ ವಿಯೆನ್ನಾದ ಮಕ್ಕಳ ಡಾಕ್ಟರು ಆಂಡ್ರಿಯಾಸ್ ರೆಟ್, ತಮ್ಮಲ್ಲಿಗೆ ಬಂದು ಕಾಯುತ್ತಾ ಕೂತಿದ್ದ ಇಬ್ಬರು ಹುಡುಗಿಯರು ಒಂದೇ ಥರ ಕೈ ತೊಳೆಯುವ ಹಾಗೆ ಆಡಿಸುತ್ತಿದ್ದದ್ದನ್ನು ಗಮನಿಸಿದರು. 1966ರಲ್ಲಿ ಅದರ ಬಗ್ಗೆ ಜರ್ಮನ್ ಭಾಷೆಯಲ್ಲಿ ಬರೆದರು. ಹೊರಗಿನವರು ಹೆಚ್ಚಾಗಿ ಓದಲೇ ಇಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್‌ಬರ್ಗ್ ಮತ್ತು ಜೊತೆಗಾರರು 35 ಹುಡುಗಿಯರ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಮೇಲೆ ಜಗತ್ತಿನ ಡಾಕ್ಟರುಗಳಿಗೆಲ್ಲ ತಿಳಿಯಿತು. ಅಂದರೆ ಗೊತ್ತಿದ್ದ ವಿಷಯ 17 ವರ್ಷ ಇನ್ನೊಂದು ಭಾಷೆಯಲ್ಲಿ ಸುಮ್ಮನೆ ಬಿದ್ದಿತ್ತು. ಇಂಥದ್ದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೀಬೇಕು ಅಂತ ಕೇಳುವವರಿಗೆ ಇದೇ ನನ್ನ ಉತ್ತರ.

ಹೆಚ್ಚುಕಡಿಮೆ 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಬರುತ್ತದೆ. ಮೊದಲ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಮಗು ಎಲ್ಲರ ಹಾಗೆ ಬೆಳೆಯುತ್ತಿರುವಂತೆ ಕಾಣುತ್ತದೆ. ಆಮೇಲೆ ಕಲಿತದ್ದು ಒಂದೊಂದಾಗಿ ಹೋಗುತ್ತದೆ. ನಮ್ಮ ಹುಡುಗಿ "ಅಮ್ಮ", "ಬಾ" ಅನ್ನುತ್ತಿದ್ದಳು. ಚಕ್ಕುಲಿ ಕೊಟ್ಟರೆ ತಾನೇ ಹಿಡಿದು ಕಚ್ಚುತ್ತಿದ್ದಳು. ಎರಡು ವರ್ಷ ತುಂಬುವ ಹೊತ್ತಿಗೆ ಮಾತೂ ಇಲ್ಲ, ಚಕ್ಕುಲಿಯೂ ಇಲ್ಲ, ಬರೀ ಈ ಕೈ ಹಿಂಡುವುದು. ಅದು ಭಕ್ತಿ ಅಲ್ಲ ಸ್ವಾಮಿ. ಅವಳ ಇಷ್ಟವನ್ನು ಮೀರಿ ನಡೆಯುವ ಚಲನೆ. ಬೇಕಾದದ್ದನ್ನು ಹಿಡಿಯಲು ಆಗದ ಕೈ ಅದು. ಅದನ್ನು ನೋಡಿ "ಎಷ್ಟು ಚಂದ" ಅಂದರೆ ಅಕ್ಕನಿಗೆ ಹೇಗಾಗಬೇಡ?

ಈಗ "ಎಂತ ಮಾಡ್ಲಿಕ್ಕೂ ಇಲ್ಲ" ಅನ್ನುವ ಮಾತು. ಊರಿನವರಷ್ಟೇ ಅಲ್ಲ, ಓದಿದ ಡಾಕ್ಟರೊಬ್ಬರೂ (ಹೆಸರು ಬೇಡ) ಅಕ್ಕನಿಗೆ ಇದನ್ನೇ ಹೇಳಿ ಕಳಿಸಿದ್ದರು. ಅದರ ಹಿಂದೆ ಇರುವ ನಂಬಿಕೆ ಇದು: ಮಿದುಳು ಸವೆದು ಹೋಗ್ತಾ ಇದೆ, ಹೋದದ್ದು ಹೋಯ್ತು. ಇಡೀ ತಪ್ಪಿನ ಬುಡ ಇಲ್ಲಿದೆ. ಅಲ್‌ಝೈಮರ್ ಕಾಯಿಲೆಯಲ್ಲಿ ಆಗುವಂತೆ ರೆಟ್‌ನಲ್ಲಿ ಮಿದುಳಿನ ನರಕೋಶಗಳು ಸತ್ತು ಹೋಗುವುದಿಲ್ಲ. ಅವು ಇವೆ. ಆದರೆ ಚಿಕ್ಕದಾಗಿವೆ, ಒತ್ತೊತ್ತಾಗಿವೆ, ಕವಲುಗಳು ಕಡಿಮೆ, ಒಂದಕ್ಕೊಂದು ಸರಿಯಾಗಿ ಹೆಣೆದುಕೊಂಡಿಲ್ಲ. ಬೆಳವಣಿಗೆ ನಡುವೆ ತಡೆದು ನಿಂತಿದೆ.

ಕಾರ್ಕಳದವರಿಗೆ ಸುಲಭವಾಗಿ ಅರ್ಥವಾಗುವ ಹಾಗೆ ಹೇಳ್ತೇನೆ. ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲೇ ಕೆತ್ತಿದ್ದು. ಅವರು ಅರ್ಧ ಕೆತ್ತಿದ್ದಾಗ ಯಾರಾದರೂ ಬಂದು ನೋಡಿ "ಅಯ್ಯೋ, ಮೂರ್ತಿ ಒಡೆದು ಹೋಗಿದೆ" ಅಂದಿದ್ದರೆ? ಕೆತ್ತನೆ ನಿಂತ ಕಲ್ಲು ಬೇರೆ, ಒಡೆದ ಮೂರ್ತಿ ಬೇರೆ.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. 1999ರಲ್ಲಿ ಹ್ಯೂಸ್ಟನ್ನಿನ ಹುದಾ ಝೋಗ್ಬಿಯವರ ಪ್ರಯೋಗಾಲಯ ಇದರ ಕಾರಣ ಹುಡುಕಿತು: ಎಕ್ಸ್ ಕ್ರೋಮೋಸೋಮಿನ ಮೇಲಿರುವ ಎಂಇಸಿಪಿ2 ಅನ್ನುವ ಜೀನ್. ಇದರಿಂದ ಆಗುವ ಪ್ರೋಟೀನು ಬೇರೆ ಸಾವಿರಾರು ಜೀನುಗಳು ಎಷ್ಟೆಷ್ಟು ಕೆಲಸ ಮಾಡಬೇಕು ಅಂತ ನೋಡಿಕೊಳ್ಳುತ್ತದೆ. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಮತ್ತು ತಂಡದವರು ಈ ಜೀನನ್ನು ಇಲಿಗಳಲ್ಲಿ ಮುಚ್ಚಿಟ್ಟು, ಕಾಯಿಲೆ ಕಾಣಿಸಿಕೊಂಡ ಮೇಲೆ ಮತ್ತೆ ತೆರೆದರು. ಬೆಳೆದು ದೊಡ್ಡದಾದ ಇಲಿಗಳು ಕೂಡ ಬಹಳ ಮಟ್ಟಿಗೆ ಸುಧಾರಿಸಿದವು. ಸತ್ತ ಕೋಶಗಳಾಗಿದ್ದರೆ ಇದು ಸಾಧ್ಯವಿತ್ತಾ, ನೀವೇ ಹೇಳಿ?

ಇಲಿ ಬೇರೆ, ಮಗು ಬೇರೆ. ಒಪ್ಪಿದೆ. ಈ ಪ್ರೋಟೀನು ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಇನ್ನೊಂದು ಕಾಯಿಲೆ. ಹಾಗಾಗಿ ಜೀನ್ ಚಿಕಿತ್ಸೆ ಸುಲಭದ್ದಲ್ಲ. ರೋಗಿಗಳ ಮೇಲೆ ಅದರ ಪ್ರಯೋಗ ಶುರುವಾದದ್ದು 2023ರಲ್ಲಿ. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕಾದಲ್ಲಿ ಟ್ರೊಫಿನೆಟೈಡ್ ಅನ್ನುವ ಮೊದಲ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದೂ ಕಾಯಿಲೆ ವಾಸಿ ಮಾಡುವ ಔಷಧಿ ಅಲ್ಲ, ಸ್ವಲ್ಪ ಹಗುರ ಮಾಡುವಂಥದ್ದು. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಇದನ್ನೆಲ್ಲ ಅಕ್ಕನೂ ಬಲ್ಲಳು. ಅವಳು ಪವಾಡ ಕೇಳುತ್ತಿಲ್ಲ. "ಏನೂ ಇಲ್ಲ" ಅನ್ನಬೇಡಿ ಅಂತಷ್ಟೇ.

ಯಾಕೆಂದರೆ ಮಾಡಲಿಕ್ಕೆ ಇರುವುದು ಇವತ್ತೇ ಬೇಕಾದಷ್ಟಿದೆ. ಬೆನ್ನು ಡೊಂಕಾಗದಂತೆ ಕಣ್ಣಿಡಬೇಕು. ಫಿಟ್ಸ್ ಬಂದರೆ ಔಷಧಿ ಕೊಡಬೇಕು. ಕೆಲವರಿಗೆ ಹೃದಯದ ಬಡಿತದಲ್ಲಿ ಏರುಪೇರು ಇರುತ್ತದೆ, ಅದಕ್ಕೆ ಆಗಾಗ ಇಸಿಜಿ ತೆಗೆಸಬೇಕು. ನುಂಗುವ ತೊಂದರೆ, ಮಲಬದ್ಧತೆ, ಮೂಳೆಯ ಬಲ ನೋಡಬೇಕು. ಫಿಸಿಯೋಥೆರಪಿ ಬಿಡಬಾರದು. ಹೀಗೆ ನೋಡಿಕೊಂಡರೆ ಅನೇಕರು ನಡುವಯಸ್ಸಿನವರೆಗೂ ಬದುಕುತ್ತಾರೆ. "ಏನೂ ಇಲ್ಲ" ಅನ್ನುವ ಮಾತು ಇವೆಲ್ಲವನ್ನೂ ಕಸಕ್ಕೆ ಹಾಕುತ್ತದೆ. ಫಿಸಿಯೋಥೆರಪಿ ನಿಲ್ಲುತ್ತದೆ, ಬೆನ್ನು ಬಾಗುತ್ತದೆ, ಆಮೇಲೆ "ನೋಡಿ, ಹೇಳಲಿಲ್ವಾ" ಅನ್ನಲಿಕ್ಕೆ ನಾವೇ ಮುಂದೆ!

ಅಕ್ಕನಿಗೆ ಇನ್ನೊಂದು ಬಹುಮಾನವೂ ಸಿಕ್ಕಿತ್ತು. ಬಸುರಿಯಲ್ಲಿ ಗ್ರಹಣ ನೋಡಿದ್ದಾಳೆ, ಲಸಿಕೆ ಹಾಕಿಸಿದ್ದೇ ತಪ್ಪು, ತಾಯಿ ಕಡೆಯ ನಾಗದೋಷ... ಪ್ರಶ್ನೆ ಇಡಿಸಿ ಆಯ್ತು, ಆಶ್ಲೇಷಾ ಬಲಿಯೂ ಆಯ್ತು. ನನಗೂ ನಾಗನ ಮೇಲೆ ಭಕ್ತಿ ಇದೆ, ಪೂಜೆಯ ಬಗ್ಗೆ ತಕರಾರಿಲ್ಲ. ತಾಯಿಯನ್ನು ಅಪರಾಧಿ ಮಾಡುವುದರ ಬಗ್ಗೆ ತಕರಾರು. ರೆಟ್ ಸಾಮಾನ್ಯವಾಗಿ ವಂಶದಿಂದ ಬರುವುದೇ ಅಲ್ಲ. ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆ ಅದು, ಹೆಚ್ಚಿನ ಸಲ ಆಗುವುದು ತಂದೆಯ ವೀರ್ಯಾಣುವಿನಲ್ಲಿ. ಹಾಗಂತ ಭಾವನದ್ದೂ ತಪ್ಪಲ್ಲ. ಯಾರ ಕೈಯಲ್ಲೂ ಇಲ್ಲದ್ದು. ಲಸಿಕೆ ಹಾಕುವ ವಯಸ್ಸೂ, ಮಗು ಕಲಿತದ್ದನ್ನು ಕಳೆದುಕೊಳ್ಳುವ ವಯಸ್ಸೂ ಒಂದೇ ಆಗಿರುವುದರಿಂದ ಲಸಿಕೆಯ ಮೇಲೆ ಗೂಬೆ ಕೂರಿಸುತ್ತೇವೆ. ಬದಲಾವಣೆ ಹುಟ್ಟುವ ಮೊದಲೇ ಆಗಿರುತ್ತದೆ.

ಕೊನೆಗೆ "ಇದಕ್ಕೆ ಏನೂ ಗೊತ್ತಾಗುದಿಲ್ಲ". ಮೊದಲು ಆ "ಇದಕ್ಕೆ" ಬಿಡಿ, "ಇವಳಿಗೆ" ಅನ್ನಿ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಬ್ಲಾಕ್ ಜೋಡಿಸು, ಬೆರಳು ತೋರಿಸು, ಹೆಸರು ಹೇಳು ಅಂತಾರೆ. ಕೈಯೂ ಮಾತೂ ಇಲ್ಲದ ಮಗುವಿಗೆ ಸೊನ್ನೆ ಬಂದರೆ ಆ ಸೊನ್ನೆ ಯಾರದು? 2016ರ ವಿಕಲಚೇತನರ ಕಾಯ್ದೆಯ 21 ಬಗೆಗಳಲ್ಲಿ ರೆಟ್ ಹೆಸರೇ ಇಲ್ಲ. ಬೇರೆ ಯಾವುದೋ ಕಾಲಂನಲ್ಲಿ ತುರುಕಿ ಸರ್ಟಿಫಿಕೇಟು ತಗೋಬೇಕು. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಈ ಮಕ್ಕಳಲ್ಲಿ ಅನೇಕರು ಕಣ್ಣಿನಲ್ಲೇ ಮಾತಾಡುತ್ತಾರೆ. ಅದೇ ಮದುವೆಯಲ್ಲಿ ಅಕ್ಕ ಒಂದು ಕೈಯಲ್ಲಿ ಪಾಯಸ, ಇನ್ನೊಂದರಲ್ಲಿ ಐಸ್‌ಕ್ರೀಮ್ ಹಿಡಿದು "ಯಾವುದು ಬೇಕು ಪುಟ್ಟಾ?" ಅಂದಳು. ಹತ್ತು ಸೆಕೆಂಡು ಏನಿಲ್ಲ. ಇಪ್ಪತ್ತು. ಆಮೇಲೆ ಕಣ್ಣು ನಿಧಾನ ಐಸ್‌ಕ್ರೀಮ್ ಕಡೆ ಹೋಗಿ ನಿಂತಿತು. ಕಪ್ಪುಗಳನ್ನು ಅದಲುಬದಲು ಮಾಡಿದರೂ ಅಲ್ಲಿಗೇ. ಏನೂ ಗೊತ್ತಾಗುದಿಲ್ಲವಂತೆ!

ನಮ್ಮದು 1953ರಲ್ಲೇ ವೈದ್ಯಕೀಯ ಕಾಲೇಜು ಕಂಡ ಜಿಲ್ಲೆ. ಮಣಿಪಾಲದಲ್ಲಿ ಜೆನೆಟಿಕ್ಸ್ ವಿಭಾಗವೇ ಇದೆ, ವಾಕ್ ಶ್ರವಣ ವಿಭಾಗವೂ ಇದೆ. ಕಾರ್ಕಳದಿಂದ ಬೈಲೂರು, ಹಿರಿಯಡ್ಕ ದಾಟಿದರೆ ಒಂದು ಗಂಟೆಯ ದಾರಿ. ಕಲಿತದ್ದನ್ನು ಮರೆಯುತ್ತಿರುವ, ಕೈ ಹಿಂಡುತ್ತಿರುವ ಮಗುವನ್ನು ಕಂಡರೆ "ದೊಡ್ಡದಾದ ಮೇಲೆ ಸರಿಯಾಗ್ತದೆ" ಅನ್ನದೆ ಬೇಗ ತೋರಿಸಲು ಹೇಳಿ.

ಬರೆಯುವ ಗೆಳೆಯರಿಗೂ ಒಂದು ಮಾತು. "ದೇವರ ಮಕ್ಕಳು" ಅಂತ ಕಣ್ಣೀರಿನ ಪೋಸ್ಟ್ ಬರೆದು ಮುಗಿಸಬೇಡಿ. ದೇವರ ಮಗು ಅಂದುಬಿಟ್ಟರೆ ಫಿಸಿಯೋಥೆರಪಿಗೆ ಕರ್ಕೊಂಡು ಹೋಗುವವರು ಯಾರು? ಮುಂದಿನ ಸಲ ಇಂಥ ಹುಡುಗಿ ಎದುರಾದರೆ ಅವಳ ತಲೆಯ ಮೇಲಿಂದ ಅಮ್ಮನ ಹತ್ತಿರ ಮಾತಾಡಬೇಡಿ. ಅವಳನ್ನೇ ಕೇಳಿ. ಕೇಳಿ ಕಾಯಿರಿ, ಇಪ್ಪತ್ತು ಸೆಕೆಂಡು.

ನಾನು ಹೇಳಿದ್ದು ಜಾಸ್ತಿ ಖಾರ ಆಯ್ತು ಅನ್ನಿಸಿದರೆ ಕಾಮೆಂಟಿನಲ್ಲಿ ಬೈಯಿರಿ. ಅಕ್ಕನಿಗೆ ಮಾತ್ರ ಏನೂ ಅನ್ನಬೇಡಿ.