ಫಿರಂಗಿಗೂ ಹೆಂಗಸಿನ ಹೆಸರೇ?

ಫಿರಂಗಿಗೂ ಹೆಂಗಸಿನ ಹೆಸರಿಡುವ ಚಾಳಿ ಕಂಡರೆ ನನಗೆ ಮೈ ಉರಿಯುತ್ತದೆ. 1918ರ ಮಾರ್ಚ್ 29, ಗುಡ್ ಫ್ರೈಡೇ. ಜರ್ಮನ್ ಫಿರಂಗಿಯ ಗುಂಡು ಪ್ಯಾರಿಸ್ಸಿನ ಸೇಂಟ್ ಜರ್ವೆ ಚರ್ಚಿಗೆ ಬಡಿದು, ಪ್ರಾರ್ಥನೆಗೆ ಸೇರಿದ್ದ 80ಕ್ಕೂ ಹೆಚ್ಚು ಮಂದಿ ಸತ್ತರು. ಯುದ್ಧನೌಕೆಯ 38 ಸೆಂಟಿಮೀಟರ್ ತೋಪಿನ ನಳಿಗೆಯೊಳಗೆ ಕಿರಿದಾದ ಉದ್ದ ಕೊಳವೆ ಕೂರಿಸಿ ಅದನ್ನು ಮಾಡಿದ್ದು ಕ್ರುಪ್ ಕಾರ್ಖಾನೆ. ಸುಮಾರು 120 ಕಿಲೋಮೀಟರ್ ದೂರದಿಂದ ಹಾರಿಸಿದ್ದು ನೌಕಾಪಡೆಯ ಗಂಡಸರು. ಪ್ಯಾರಿಸ್ಸಿನವರು ಬೈದದ್ದು ಮಾತ್ರ 'ದಢೂತಿ ಬರ್ತಾ' ಎಂದು!

ಯಾರೀಕೆ? 1902ರಲ್ಲಿ, 16ರ ವಯಸ್ಸಿಗೇ, ತಂದೆ ಸತ್ತು ಕಾರ್ಖಾನೆಗೆ ಒಡತಿಯಾದ ಬರ್ತಾ ಕ್ರುಪ್. 1906ರಲ್ಲಿ ಮದುವೆಯಾದಾಗ ಚಕ್ರವರ್ತಿ ಆ ಮನೆತನದ ಹೆಸರನ್ನು ಅವಳ ಗಂಡನಿಗೂ ಕೊಡಿಸಿದ. ಯಜಮಾನಿಕೆಯೂ ಅವನದೇ ಆಯಿತು. ಲಾಭ ಉಂಡ ಅವಳು ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. ಆದರೆ ಅಧಿಕಾರ ಗಂಡನಿಗೆ, ಅಪವಾದ ಹೆಂಡತಿಗೆ, ಇದು ಯಾವ ನ್ಯಾಯ? ಹಾರಿಸಿದವರ ಹೆಸರೇ ಇರಲಿ ಫಿರಂಗಿಗೆ.