ಎರಡು ನಿಮಿಷದ ಜಗಳ

ಮಲೆನಾಡಿನ ಯಾವ ಊರಿನ ಬಸ್ ನಿಲ್ದಾಣದಲ್ಲಿ ನಿಂತರೂ ಬೆಳಗಿನ ಹೊತ್ತು ಈ ನಾಟಕ ಪುಕ್ಕಟೆ ನೋಡಲು ಸಿಗುತ್ತದೆ. ಹಿಂದಿನ ಬಸ್ಸಿನ ಕಂಡಕ್ಟರ್ ವಾಚು ತೋರಿಸಿ "ನಿನ್ನ ಟೈಮಾಯ್ತು, ಗಾಡಿ ತೆಗಿ ಮಾರಾಯ" ಅನ್ನುತ್ತಾನೆ. ಮುಂದಿನವನು "ಇನ್ನೂ ಎರಡು ನಿಮಿಷ ಇದೆ, ಕಣ್ಣು ಕಾಣಲ್ವಾ?" ಅನ್ನುತ್ತಾನೆ. ಏಜೆಂಟರು ನಡುವೆ ಬರುತ್ತಾರೆ, ಜನ ಸೇರುತ್ತಾರೆ. ಆ ಎರಡು ನಿಮಿಷ ಹೋದದ್ದನ್ನು ಆಮೇಲೆ ಘಾಟಿಯ ತಿರುವಿನಲ್ಲಿ ವಸೂಲು ಮಾಡುತ್ತಾರೆ. ಸರಳು ಹಿಡಿದು ನಿಂತ ಪ್ರಯಾಣಿಕ ಮನೆದೇವರನ್ನು ನೆನೆಯುತ್ತಾನೆ.

ಪೈಪೋಟಿ ಇದ್ದರೆ ಜನಕ್ಕೆ ಲಾಭ ಎಂದು ಹೇಳುವವರು ಇದ್ದಾರೆ. ಸುಳ್ಳೇನಲ್ಲ. ಒಂದೇ ಬೀದಿಯಲ್ಲಿ ನಾಲ್ಕು ದಿನಸಿ ಅಂಗಡಿ ಇದ್ದರೆ ತಕ್ಕಡಿ ನೆಟ್ಟಗಿರುತ್ತದೆ. ಆದರೆ ಬಸ್ಸಿನ ವ್ಯಾಪಾರ ಬೇರೆ. ದೊಡ್ಡ ರಸ್ತೆಯಲ್ಲಿ ಒಂದರ ಬಾಲ ಹಿಡಿದು ಇನ್ನೊಂದು ಓಡುವಾಗ, ಒಳಗಿನ ಹಳ್ಳಿಯ ಮುದುಕಿ ಔಷಧಿ ಚೀಟಿ ಹಿಡಿದು ಮಧ್ಯಾಹ್ನದವರೆಗೆ ಕಾಯುತ್ತಾಳೆ. ಅಲ್ಲಿ ಪೈಪೋಟಿಗೆ ಬರುವವರು ಯಾರೂ ಇಲ್ಲ, ಕಲೆಕ್ಷನ್ ಇಲ್ಲವಲ್ಲ!

ಕೊಪ್ಪದ ಸಹಕಾರ ಸಾರಿಗೆಯ ಮಾತು ಇಲ್ಲೇ ಬರಬೇಕು. 1991ರಲ್ಲಿ ಖಾಸಗಿ ಕಂಪೆನಿಯೊಂದರ ತಕರಾರಿನಲ್ಲಿ ಬೀದಿಗೆ ಬೀಳಬೇಕಾಗಿದ್ದ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು ಸೇರಿ ಸಂಘ ಕಟ್ಟಿದರು. ಕೂಲಿಯವರೇ ಮಾಲೀಕರು. ಕೈಬೆರಳಲ್ಲಿ ಎಣಿಸುವಷ್ಟು ಬಸ್ಸಿನಿಂದ ಶುರುವಾದದ್ದು ಬೆಳೆದು ಎಪ್ಪತ್ತರ ಸುತ್ತಮುತ್ತ ಬಂತು. ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿ, ಶಿವಮೊಗ್ಗ, ಚಿಕ್ಕಮಗಳೂರು ಅಂತ ಓಡಿತು, ಘಟ್ಟ ಇಳಿದು ಕರಾವಳಿಗೂ ಹೋಯಿತು. ಶಾಲೆಮಕ್ಕಳಿಗೆ ರಿಯಾಯಿತಿ ಕೊಟ್ಟಿತು, ಬೇರೆಯವರು ಹೋಗದ ಮಣ್ಣುರಸ್ತೆಗೂ ಗಾಡಿ ಬಿಟ್ಟಿತು.

2020ರ ಫೆಬ್ರವರಿಯಲ್ಲಿ ಅದು ನಿಂತುಹೋಯಿತು. ಡೀಸೆಲ್ಲು, ತೆರಿಗೆ, ವಿಮೆ ಏರಿದವು. ಮನೆಮನೆಗೆ ಬೈಕು ಬಂದು ಸೀಟುಗಳು ಖಾಲಿಯಾದವು. ಒಳಾಡಳಿತ ಇನ್ನಷ್ಟು ಬಿಗಿಯಾಗಿದ್ದರೆ ಉಳಿಯುತ್ತಿತ್ತೇ ಎಂಬ ಚರ್ಚೆ ಹೋಟೆಲ್ ಬೆಂಚುಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ಪ್ರಯಾಣಿಕರೂ ಒಂದು ಮಾತು ಕೇಳಿಸಿಕೊಳ್ಳಬೇಕು. ದಿನವೂ ಒಳದಾರಿಗೆ ಬರುವ ಬಸ್ಸು 'ನಮ್ಮದು' ಎಂದು ಹೊಗಳಿದರು. ದೊಡ್ಡ ರಸ್ತೆಯಲ್ಲಿ ಮಾತ್ರ ಮೂರು ನಿಮಿಷ ಮೊದಲು ಬಂದದ್ದಕ್ಕೆ ಹತ್ತಿ ಕೂತರು. ದೊಡ್ಡ ರಸ್ತೆಯ ಕಾಸಿನಲ್ಲೇ ಒಳದಾರಿಯ ನಷ್ಟ ತುಂಬಬೇಕು ಎಂಬ ಲೆಕ್ಕ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಕೊಪ್ಪದ ಸಂಘ ದುಡಿಯುವವರದು. ಬಸ್ಸು ಹತ್ತುವವರು ಅದರ ಗಿರಾಕಿಗಳೇ ಹೊರತು ಪಾಲುದಾರರಲ್ಲ. ಅಡಿಕೆಯವರ ಕ್ಯಾಂಪ್ಕೊ ನೋಡಿ. ದರ ಬಿದ್ದು ಬೆಳೆಗಾರ ಒದ್ದಾಡುತ್ತಿದ್ದಾಗ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತರು. ಅಡಿಕೆ ಕೊಡುವವನೇ ಅಲ್ಲಿ ಸದಸ್ಯ. ಕೋಕೋಗೆ ಕೊಳ್ಳುವವರಿಲ್ಲದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಹಾಕಿತು. ಐವತ್ತು ವರ್ಷ ದಾಟಿ ಬದುಕಿದೆ. ಮಾರುಕಟ್ಟೆಯಲ್ಲಿ ಖಾಸಗಿ ಮಂಡಿಯವರ ಜತೆ ದರಕ್ಕೆ ಪೈಪೋಟಿಯನ್ನೂ ಮಾಡುತ್ತಿದೆ. ಒಗ್ಗಟ್ಟಾದವರಿಗೆ ಪೈಪೋಟಿ ಬರುವುದಿಲ್ಲ ಅನ್ನೋದು ಹಾಗಾದರೆ ಯಾರು ಹಬ್ಬಿಸಿದ ಮಾತೋ!

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಂಗಸು ಆ ಸುದ್ದಿಯನ್ನು ಪೇಪರಿನಲ್ಲಿ ಓದಿ, ಕಾಸು ಕೊಟ್ಟು ಖಾಸಗಿ ಬಸ್ಸನ್ನೇ ಹತ್ತಬೇಕು.

ಪರ್ಮಿಟ್ಟು, ವೇಳಾಪಟ್ಟಿ ತೀರ್ಮಾನವಾಗುವುದು ಸಾರಿಗೆ ಪ್ರಾಧಿಕಾರದ ಸಭೆಯಲ್ಲಿ. ಅಲ್ಲಿಗೆ ಬಸ್ಸಿನವರು ವಕೀಲರನ್ನು ಕಟ್ಟಿಕೊಂಡು ಹೋಗುತ್ತಾರೆ, ಒಬ್ಬರ ಟೈಮಿಗೆ ಇನ್ನೊಬ್ಬರು ತಕರಾರು ಹಾಕುತ್ತಾರೆ. ಊರಿನ ಪರವಾಗಿ ಹೋಗುವವರು ಯಾರು? ಸಂಜೆ ಕೊನೆಯ ಬಸ್ಸು ತಪ್ಪಿದರೆ ಸಂತೆಯ ವ್ಯಾಪಾರ ಅರ್ಧಕ್ಕೆ ಬೀಳುತ್ತದೆ ಎಂದು ಗೊತ್ತಿರುವ ವರ್ತಕರೂ, ದಿನಾ ಓಡಾಡುವವರೂ ಸೇರಿ ಒಂದು ಅರ್ಜಿ ಬರೆದುಕೊಂಡು ಹೋಗಲಿ. ಯಾವ ಹಳ್ಳಿಗೆ ಎಷ್ಟು ಹೊತ್ತಿಗೆ ಬಸ್ಸು ಬೇಕು ಎಂಬ ಪಟ್ಟಿ ಅದರಲ್ಲಿರಲಿ. ಅದಕ್ಕೆ ವಕೀಲರ ಫೀಜೂ ಬೇಡ.