ಸಪ್ತಶತಿಯನ್ನು ಗುತ್ತಿಗೆಗೆ ಕೊಡಬೇಡಿ

ದೇವೀಮಾಹಾತ್ಮ್ಯವನ್ನು ಶತ್ರುನಾಶದ ಮದ್ದೆಂದು ಮಾರುವವರ ಮೇಲೆ ನನಗೆ ಸಿಟ್ಟಿದೆ. ಓದದೆಯೇ ಕೊಳ್ಳುವ ನಮ್ಮವರ ಮೇಲೆ ಅದಕ್ಕಿಂತಲೂ ಹೆಚ್ಚು. ಹಳೆಯ ವಿದ್ಯಾರ್ಥಿಗಳು, ಬಂಧುಗಳು ಮುನಿಸಿಕೊಂಡರೂ ಚಿಂತೆಯಿಲ್ಲ, ಇದನ್ನು ಹೇಳಲೇಬೇಕಾಗಿದೆ.

ಮಾರ್ಕಂಡೇಯ ಪುರಾಣದೊಳಗಿನ ಈ ಗ್ರಂಥದಲ್ಲಿ 13 ಅಧ್ಯಾಯಗಳು, 700 ಮಂತ್ರಗಳು. ಹುಟ್ಟಿನಿಂದ ಪುರಾಣವಾದರೂ ಬಳಕೆಯಿಂದ ಇದು ಶಾಕ್ತ ತಂತ್ರಗ್ರಂಥ. ಶ್ರೀವಿದ್ಯೆಯ ಮಹಾಪಂಡಿತ ಭಾಸ್ಕರರಾಯರು 18ನೆಯ ಶತಮಾನದಲ್ಲಿ ಇದಕ್ಕೆ ‘ಗುಪ್ತವತೀ’ ಎಂಬ ವ್ಯಾಖ್ಯಾನ ಬರೆದರು. ಗ್ರಂಥ ಆರಂಭವಾಗುವುದು ಯುದ್ಧದಿಂದಲ್ಲ, ಪ್ರಶ್ನೆಯಿಂದ. ರಾಜ್ಯ ಕಳೆದುಕೊಂಡ ಸುರಥ, ಹೆಂಡತಿ ಮಕ್ಕಳೇ ಹೊರಹಾಕಿದ ವೈಶ್ಯ ಸಮಾಧಿ, ಇವರಿಬ್ಬರೂ ಮೇಧಸ ಋಷಿಯ ಮುಂದೆ ಇಡುವ ಸಂಶಯ ಇದು: ಎಲ್ಲ ತಿಳಿದೂ ನಮ್ಮ ಮನಸ್ಸು ವಂಚಿಸಿದವರಿಗೇ ಏಕೆ ಅಂಟಿಕೊಳ್ಳುತ್ತದೆ? ಮುಂದೆ 5ನೆಯ ಅಧ್ಯಾಯದಲ್ಲಿ ದೇವತೆಗಳು ದೇವಿಯನ್ನು ಸಕಲ ಜೀವಿಗಳಲ್ಲಿರುವ ಚೇತನವೆಂದೇ ಸ್ತುತಿಸುತ್ತಾರೆ. ಬುದ್ಧಿ, ನಿದ್ರೆ, ಹಸಿವು, ದಯೆ ಅವಳೇ. ಕಡೆಗೆ ಭ್ರಾಂತಿಯೂ ಅವಳೇ.

ಈಗ ಹೇಳಿ, ಹೊಲದ ಪಾಲಿಗಾಗಿ ಒಡಹುಟ್ಟಿದ ಅಣ್ಣನನ್ನೇ ‘ಶತ್ರು’ ಎಂದು ಹೆಸರಿಸಿ ಸಂಕಲ್ಪ ಮಾಡಿಸುವವನು ಯಾರನ್ನು ಹೊಡೆಯಲು ಯಾರನ್ನು ಕರೆಯುತ್ತಿದ್ದಾನೆ? ಅಣ್ಣನೊಳಗಿನ ಚೇತನವೂ ಅವಳೇ ಅಲ್ಲವೆ? ನಮ್ಮ ಹೊಸರಿತ್ತಿಯ ಸುತ್ತಲ ಊರುಗಳಲ್ಲಿ ಮೆಣಸಿನಕಾಯಿ ಮಾರಿ ಬಂದ ದುಡ್ಡು ಇಂಥ ಸಂಕಲ್ಪಗಳಿಗೆ ಹೋದದ್ದನ್ನು ನಾನು ಬಲ್ಲೆ. ಆ ದುಡ್ಡಿನಲ್ಲಿ ಮಕ್ಕಳ ಶಾಲೆಯ ಖರ್ಚು ಸಾಗುತ್ತಿತ್ತು.

ಗ್ರಂಥವೇ 12ನೆಯ ಅಧ್ಯಾಯದಲ್ಲಿ ಫಲ ಹೇಳಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ, ಹೇಳಿದೆ. ಸುರಥನಿಗೆ ರಾಜ್ಯದ ವರವೂ ದೊರೆಯಿತು. ಆದರೆ ಅವರಿಬ್ಬರೂ ನಮ್ಮ ವರದೆಯಂಥ ಒಂದು ನದಿಯ ದಂಡೆಯಲ್ಲಿ ಕುಳಿತು, ಮಣ್ಣಿನ ಮೂರ್ತಿ ಮಾಡಿ, ಮೂರು ವರ್ಷ ತಾವೇ ಆರಾಧಿಸಿದರು. ಬೇರೆಯವರಿಗೆ ದಕ್ಷಿಣೆ ಕಳಿಸಿ ಮನೆಯಲ್ಲಿ ಮಲಗಲಿಲ್ಲ. ಸಮಾಧಿಯಂತೂ ಕಳೆದ ಸಂಪತ್ತನ್ನು ಕೇಳಲೇ ಇಲ್ಲ. ‘ನಾನು, ನನ್ನದು’ ಎಂಬ ಅಂಟನ್ನು ಕಳೆಯುವ ಜ್ಞಾನವನ್ನು ಬೇಡಿದ.

ಸಂಸ್ಕೃತ ಬಾರದೆಂಬ ನೆಪವೂ ಸಲ್ಲದು. ಸಿಂಧನೂರು ತಾಲೂಕಿನ ಅಂಬಾಮಠದ ಚಿದಾನಂದಾವಧೂತರು ದೇವಿಯ ಈ ಮಹಿಮೆಯನ್ನು ಎಂದೋ ಕನ್ನಡ ಷಟ್ಪದಿಗೆ ತಂದಿದ್ದಾರೆ. ನವರಾತ್ರಿಯಲ್ಲಿ ನಮ್ಮ ಕಡೆಯ ಗುಡಿಗಳಲ್ಲಿ ಹಚ್ಚುವ ದೇವೀ ಪುರಾಣ ಅದೇ.

ಮಾಟ, ವಾಮಾಚಾರಗಳ ವಿರುದ್ಧ 2017ರಲ್ಲಿ ರೂಪುಗೊಂಡ ಕಾನೂನು 2020ರಲ್ಲಿ ಜಾರಿಗೆ ಬಂದಿದೆ. ಆದರೆ ಮನಸ್ಸಿನೊಳಗಿನ ಹಗೆಯನ್ನು ಯಾವ ಕಾನೂನೂ ಕೀಳಲಾರದು. ಆ ಕೆಲಸ ಓದಿನದು. ಈ ಸಲದ ನವರಾತ್ರಿಗೆ 5ನೆಯ ಅಧ್ಯಾಯವೊಂದನ್ನಾದರೂ ಅರ್ಥಸಹಿತ ಓದಿ. ಆ ಮೇಲೂ ಸಂಕಲ್ಪದಲ್ಲಿ ಅಣ್ಣನ ಹೆಸರು ಹೇಳಿಸುವ ಮನಸ್ಸಾದರೆ, ಬಂದು ನನ್ನೊಡನೆ ವಾದಿಸಿ.